ಟವಲ್ ಹಾಸಿದ ತಬಲಾ

ನಾನು ಶಿವಮೊಗ್ಗದವನು. ಸುಗಮ ಸಂಗೀತಕ್ಕೆ ತಬಲಾ ಸಾಥ್ ಕೊಡುತ್ತೇನೆ, ಭಾನುವಾರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಎರಡು ವರ್ಷದ ಹಿಂದೆ ಸಣ್ಣ ಬಜೆಟ್ಟಿನ ಸಿನಿಮಾ ಮಾಡುವ ಹುಡುಗರು ಹುಡುಕಿಕೊಂಡು ಬಂದರು. "ತಬಲಾ ಮೇಷ್ಟ್ರ ಪಾತ್ರ ಇದೆ ಸರ್, ನೀವೇ ಮಾಡಬೇಕು" ಅಂದರು. ನನಗೆ ನಟನೆ ಬರೋದಿಲ್ಲ ಅಂದೆ. "ಕೈ ಮಾತ್ರ ನಿಜವಾದದ್ದು ಬೇಕು ಸರ್, ಉಳಿದದ್ದು ನಾವು ನೋಡ್ಕೋತೀವಿ" ಅಂದರು ನಿರ್ದೇಶಕರು. ಆ ಮಾತು ಹಿಡಿಸಿತು. ಒಪ್ಪಿಕೊಂಡೆ.

ನಮ್ಮ ಕಡೆಯ ಸಂಗೀತಗಾರರು ಸಿನಿಮಾಕ್ಕೆ ಹೋಗಿದ್ದು ಹೆಚ್ಚಾಗಿ ದನಿಯ ಮೂಲಕ. ಶಿವಮೊಗ್ಗ ಸುಬ್ಬಣ್ಣನವರು ಕಂಬಾರರ 'ಕಾಡು ಕುದುರೆ'ಗೆ ಹಾಡಿ ರಾಷ್ಟ್ರಪ್ರಶಸ್ತಿ ತಂದರು. ಆ ಹಾಡು ಇವತ್ತಿಗೂ ಪ್ರತಿ ಕಾರ್ಯಕ್ರಮದಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. 1970ರ 'ಸಂಸ್ಕಾರ'ವನ್ನು ಶೃಂಗೇರಿ ಹತ್ತಿರ ತೆಗೆದರು. ಅದಕ್ಕೆ ಸಂಗೀತ ಕೊಟ್ಟವರು ಸರೋದ್ ವಾದಕ ರಾಜೀವ ತಾರಾನಾಥರು. ಇವರೆಲ್ಲ ನಮಗೆ ಕಿವಿಗೆ ಸಿಕ್ಕವರು. ವಾದ್ಯ ಹಿಡಿದು ತೆರೆ ಮೇಲೇ ಕೂತರೆ ಹೇಗಿರಬೇಕು? ಅದನ್ನು ಕೇಳಿ ತಿಳಿಯೋಣ ಅಂದರೆ ನನಗೆ ಯಾರೂ ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ಒಬ್ಬ ಕೇಳುಗರು. ಸುಮಾರು ಹತ್ತು ವರ್ಷದಿಂದ ನಮ್ಮ ಕಾರ್ಯಕ್ರಮಗಳಲ್ಲಿ ಮೊದಲ ಸಾಲಿನಲ್ಲೇ ಕೂರುವ ನಿವೃತ್ತ ಮೇಷ್ಟ್ರು. ಹರೆಯದಲ್ಲಿ ಹೆಗ್ಗೋಡಿಗೆ ಹೋಗಿ ಅಲ್ಲಿನ ರಂಗಸಂಸ್ಥೆ ನೀನಾಸಮ್‌ನವರು ತೋರಿಸುತ್ತಿದ್ದ ಸಿನಿಮಾಗಳನ್ನು ನೋಡಿ ಬೆಳೆದವರು. ಕುವೆಂಪು ರಂಗಮಂದಿರದಲ್ಲಿ ಕಾರ್ಯಕ್ರಮ ಮುಗಿಸಿ ತಬಲಾವನ್ನು ಚೀಲಕ್ಕೆ ಹಾಕುತ್ತಿದ್ದಾಗ ವಿಷಯ ಹೇಳಿದೆ. ಅಲ್ಲೇ ಆಮಂತ್ರಣ ಪತ್ರಿಕೆ ತಿರುಗಿಸಿ ಎರಡು ಹೆಸರು ಬರೆದುಕೊಟ್ಟರು. "ಮೊದಲು ಇವನ್ನ ನೋಡಿ. ಕಥೆ ಆಮೇಲೆ. ಹಾಡುವಾಗ, ಕೇಳುವಾಗ ಅವರು ಹೇಗೆ ಕೂತಿರ್ತಾರೆ, ಅದನ್ನ ನೋಡಿ" ಅಂದರು.

ಒಂದು, ಸತ್ಯಜಿತ್ ರಾಯ್ ಅವರ 'ಜಲ್ಸಾಘರ್', 1958ರದ್ದು. ಅದರಲ್ಲಿ ಹೆಸರಾಂತ ಗಾಯಕಿ ಬೇಗಂ ಅಖ್ತರ್ ತಾವೇ ಕೂತು ಹಾಡುತ್ತಾರೆ. ಇನ್ನೊಂದು, ಚೈತನ್ಯ ತಮ್ಹಾಣೆ ಅವರ ಮರಾಠಿ ಸಿನಿಮಾ 'ದಿ ಡಿಸೈಪಲ್', 2020ರದ್ದು. ಅದರ ನಾಯಕ ಆದಿತ್ಯ ಮೋಡಕ್ ನಿಜವಾಗಿಯೂ ಹಿಂದೂಸ್ತಾನಿ ಗಾಯಕರು. ಗುರುವಿನ ಪಾತ್ರ ಮಾಡಿದ ಅರುಣ್ ದ್ರಾವಿಡ್ ಅವರೂ ಗಾಯಕರೇ. ಗುರುಗಳ ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯನ ಮುಖವನ್ನು ನಾನು ಎಷ್ಟು ಸಲ ಹಿಂದೆ ಹಾಕಿ ನೋಡಿದೆನೋ ಲೆಕ್ಕವಿಲ್ಲ. ಆ ಮುಖ ಏನೂ ಮಾಡುವುದಿಲ್ಲ, ಸುಮ್ನೆ ಕೇಳುತ್ತದೆ. ಕೇಳುವುದು ನಮಗೆ ಬರುತ್ತದೆ ಅಲ್ವಾ? ಸಾಥ್ ಕೊಡುವವನ ಕೆಲಸವೇ ಅದು. ಅರ್ಧ ಭಯ ಅಲ್ಲೇ ಹೋಯಿತು.

ಶೂಟಿಂಗ್ ತೀರ್ಥಹಳ್ಳಿ ಕಡೆಯ ಒಂದು ಹಳೇ ತೊಟ್ಟಿಮನೆಯಲ್ಲಿ. ಮಾತು, ವಾದ್ಯ ಎಲ್ಲವನ್ನೂ ಅಲ್ಲೇ ಲೈವ್ ಆಗಿ ರೆಕಾರ್ಡ್ ಮಾಡುತ್ತಿದ್ದರು. ಅಡಿಕೆ ಕೊಯ್ಲಿನ ಕಾಲ. ಪಕ್ಕದ ಮನೆಯಲ್ಲಿ ಅಡಿಕೆ ಸುಲಿಯುವ ಮಷಿನ್ ಓಡುತ್ತಿತ್ತು. ಪ್ರತಿ ಶಾಟ್‌ಗೂ ಒಬ್ಬ ಹುಡುಗ ಓಡಿ ಹೋಗಿ "ಒಂದೈದು ನಿಮಿಷ ನಿಲ್ಸಿ ಮಾರಾಯ್ರೆ" ಅಂತ ಕೇಳಿಕೊಂಡು ಬರುತ್ತಿದ್ದ. ಪಾಪ, ಒಂದು ಸಲವೂ ಇಲ್ಲ ಅನ್ನಲಿಲ್ಲ ಅವರು.

ನನ್ನ ಮೊದಲ ತಪ್ಪು ಅಲ್ಲೇ ಆಯಿತು. ಹಾಡುವವರು ಒಂದು ಭಾವಗೀತೆ ಹಾಡಬೇಕು, ನಾನು ಕೆಹರವಾ ತಾಳ ನುಡಿಸಬೇಕು. ಮೊದಲ ಟೇಕ್ ಚೆನ್ನಾಗಿ ಬಂತು. ಎರಡನೇ ಟೇಕ್‌ನಲ್ಲಿ ಇನ್ನೂ ಹುರುಪಾಗಿ ನುಡಿಸಿದೆ. ಮೂರನೆಯದರಲ್ಲಿ ಎಲ್ಲೋ ಒಂದು ತಿಹಾಯಿ, ಅಂದರೆ ಒಂದೇ ತುಣುಕನ್ನು ಮೂರು ಸಲ ನುಡಿಸಿ ಮುಗಿಸುವುದು, ಹಾಕಿದೆ. ವೇದಿಕೆಯಲ್ಲಾದರೆ ಇದಕ್ಕೇ ಚಪ್ಪಾಳೆ. ಇಲ್ಲಿ ನಿರ್ದೇಶಕರು ಪಕ್ಕಕ್ಕೆ ಕರೆದು ಮಾನಿಟರ್ ತೋರಿಸಿದರು. ಒಂದು ಟೇಕ್‌ನ ಮುಖ, ಇನ್ನೊಂದು ಟೇಕ್‌ನ ಕೈ, ಎರಡನ್ನೂ ಜೋಡಿಸಬೇಕು. ಮೂರು ಸಲ ಮೂರು ಥರ ನುಡಿಸಿದರೆ ಎಡಿಟಿಂಗ್‌ನಲ್ಲಿ ಯಾವುದೂ ಕೂರುವುದಿಲ್ಲ.

ಆ ರಾತ್ರಿ ಕೂತು ಕಟ್ಟಿಕೊಂಡೆ. ಎಂಟು ಮಾತ್ರೆಯ (ಎಣಿಕೆಯ) ಠೇಕಾ, ಅಂದರೆ ತಾಳದ ಮೂಲ ನಡೆ. ಒಟ್ಟು ಹನ್ನೆರಡು ಆವರ್ತನ, ಅಂದರೆ ಹನ್ನೆರಡು ಸುತ್ತು. ಆರನೆಯದರಲ್ಲಿ ಒಂದೇ ಒಂದು ಸಣ್ಣ ತುಂಡು, ಹನ್ನೆರಡನೆಯದರ ಕೊನೆಗೆ ತಿಹಾಯಿ. ಹೊಸದಾಗಿ ಏನೇ ಹೊಳೆದರೂ ಅದನ್ನು ಮುಂದಿನ ಕಾರ್ಯಕ್ರಮಕ್ಕೆ ಇಟ್ಟುಕೊಳ್ಳಬೇಕು. ಮರುದಿನ ಒಂಬತ್ತು ಟೇಕ್ ಕೊಟ್ಟೆ, ಎಲ್ಲವೂ ಒಂದೇ ಅಳತೆ. ಆದರೆ ಲೆಕ್ಕ ಹಾಕುತ್ತಾ ತುಟಿ ಅಲ್ಲಾಡುತ್ತಿತ್ತಂತೆ. ಅದನ್ನು ಬಿಡಿಸಿಕೊಳ್ಳಲು ಹಾಡಿನ ಸಾಹಿತ್ಯವನ್ನೇ ಪೂರ್ತಿ ಬಾಯಿಪಾಠ ಮಾಡಿದೆ. ಯಾವ ಪದಕ್ಕೆ ಯಾವ ಆವರ್ತನ ಅಂತ ಗೊತ್ತಾದ ಮೇಲೆ ಎಣಿಸುವ ಅಗತ್ಯ ಬೀಳಲಿಲ್ಲ. ಇದನ್ನು ಈಗ ವೇದಿಕೆಯಲ್ಲೂ ಮಾಡುತ್ತೇನೆ.

ಶ್ರುತಿಯದ್ದು ಇನ್ನೊಂದು ಪಾಡು. ಮಲೆನಾಡಿನ ಥಂಡಿಗೆ ಚರ್ಮ ಸಡಿಲವಾಗುತ್ತದೆ. ಬೆಳಿಗ್ಗೆ ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಗೆ) ಕೂರಿಸಿದ ತಬಲಾ ಸಂಜೆಗೆ ಇಳಿದಿರುತ್ತದೆ. ಕಾರ್ಯಕ್ರಮದಲ್ಲಿ ಸುತ್ತಿಗೆಯಿಂದ ಎರಡು ಏಟು ಕೊಟ್ಟು ಸರಿಮಾಡಿಕೊಳ್ಳುತ್ತೇವೆ. ಸಿನಿಮಾದಲ್ಲಿ ಬೆಳಗಿನ ಶಾಟ್ ಪಕ್ಕದಲ್ಲೇ ಸಂಜೆಯ ಶಾಟ್ ಬಂದು ಕೂರುತ್ತದೆ, ಸ್ವಲ್ಪ ವ್ಯತ್ಯಾಸವಾದರೂ ಕಿವಿಗೆ ಚುಚ್ಚುತ್ತದೆ. ಹಾಗಾಗಿ ಪ್ರತಿ ಟೇಕ್‌ಗೂ ಮುಂಚೆ ಮೊಬೈಲಿನ ಟ್ಯೂನರ್ ಹಿಡಿದು ನೋಡುತ್ತಿದ್ದೆ. ಒಂದು ದಿನ ಬೇಗ ಬಿಗಿಯಾಗಲಿ ಅಂತ ರಾತ್ರಿ ಬಚ್ಚಲೊಲೆ ಹತ್ತಿರ ಇಟ್ಟು ಮಲಗಿದೆ. ಬೆಳಿಗ್ಗೆ ಸ್ಯಾಹಿ, ಅಂದರೆ ಚರ್ಮದ ನಡುವಿನ ಕಪ್ಪು ಲೇಪ, ಅದರ ಅಂಚಿನಲ್ಲಿ ಬಿರುಕು. ಹನ್ನೊಂದು ವರ್ಷ ನನ್ನ ಕೈಗೆ ಒಗ್ಗಿದ್ದ ತಬಲಾ ಅದು, ಕಣ್ಣಲ್ಲಿ ನೀರು ಬಂತು. ಪುಣ್ಯಕ್ಕೆ ಇನ್ನೊಂದು ತೆಗೆದುಕೊಂಡು ಹೋಗಿದ್ದೆ. ಹೊರಗೆ ನುಡಿಸಲು ಹೋಗುವವರು ದಯವಿಟ್ಟು ಎರಡು ಒಯ್ಯಿರಿ. ಕಾಯಿಸಬೇಕಾದರೆ ದೂರದಲ್ಲಿಟ್ಟು, ಪಕ್ಕದಲ್ಲೇ ಕೂತಿರಿ.

ಮಾತಿರುವ ದೃಶ್ಯಗಳಲ್ಲಿ ತಬಲಾ ಮೇಲೆ ತೆಳು ಟವಲ್ ಮಡಚಿ ಹಾಸುತ್ತಿದ್ದೆವು. ಕ್ಯಾಮೆರಾ ಕೆಳಗಿನಿಂದ ಇದ್ದದ್ದರಿಂದ ಟವಲ್ ಕಾಣುತ್ತಿರಲಿಲ್ಲ. ಕೈ ಆಡುತ್ತದೆ, ದನಿ ಬರುವುದಿಲ್ಲ, ಮಾತು ಸ್ಪಷ್ಟವಾಗಿ ರೆಕಾರ್ಡ್ ಆಗುತ್ತದೆ. ಆಮೇಲೆ ಬಾಗಿಲು ಮುಚ್ಚಿಕೊಂಡು ಅದೇ ಠೇಕಾ ಬೇರೆಯಾಗಿ ನುಡಿಸಿ ಕೊಟ್ಟೆ. ದನಿಯಿಲ್ಲದೆ ನುಡಿಸುವುದು ಮಹಾ ಕಷ್ಟ. ಬೆರಳಿಗೆ ಉತ್ತರ ಸಿಗದೆ ಲಯ ಓಡಿಬಿಡುತ್ತದೆ. ಎದುರು ಕೂತ ಹುಡುಗನಿಗೆ, ಕ್ಯಾಮೆರಾಕ್ಕೆ ಕಾಣದ ಹಾಗೆ ಕಾಲಿನಲ್ಲಿ ತಾಳ ಹಾಕು ಅಂತ ಹೇಳಿದೆ. ಅವನ ಹೆಬ್ಬೆರಳು ನೋಡಿಕೊಂಡು ನುಡಿಸಿದೆ.

ಇಡೀ ಸಿನಿಮಾದಲ್ಲಿ ನನಗೆ ತುಂಬ ಇಷ್ಟವಾದ ತುಣುಕು ನಾನು ಯೋಚಿಸಿ ಮಾಡಿದ್ದಲ್ಲ. ಶಿಷ್ಯ ತಪ್ಪು ನುಡಿಸುತ್ತಾನೆ, ಮೇಷ್ಟ್ರು ನಿಲ್ಲಿಸಬೇಕು. ಒಂದು ಸಾಲು ಮಾತು ಬರೆದಿದ್ದರು. ನಾನು ಅಭ್ಯಾಸಬಲದಿಂದ ಅವನ ಡಗ್ಗಾ (ಎಡಗೈಯಲ್ಲಿ ನುಡಿಸುವ ದೊಡ್ಡದು) ಮೇಲೆ ಅಂಗೈ ಇಟ್ಟುಬಿಟ್ಟೆ. ಗುಂಯ್ ಅನ್ನುತ್ತಿದ್ದ ದನಿ ಅಲ್ಲೇ ನಿಂತಿತು. ಪಾಠದಲ್ಲಿ ದಿನಾ ಮಾಡುವುದು ಅದು. ಮಾತು ಮರೆತೇ ಹೋಗಿತ್ತು. ಕಟ್ ಅಂದ ಮೇಲೆ ಕ್ಷಮೆ ಕೇಳಿದೆ. ನಿರ್ದೇಶಕರು ಆ ಸಾಲು ಹೊಡೆದುಹಾಕಿದರು.

ದುಡ್ಡಿನ ಮಾತು ಚಿಕ್ಕದು. ಸಂಭಾವನೆ, ಟೈಟಲ್ ಕಾರ್ಡಿನಲ್ಲಿ ಹೆಸರು, ನುಡಿಸಿದ್ದನ್ನು ಬೇರೆ ಕಡೆ ಬಳಸಬಹುದೋ ಬಾರದೋ, ಮೂರನ್ನೂ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ಸ್ನೇಹದಲ್ಲೇ ಕೇಳಬಹುದು, ಇದರಲ್ಲಿ ಸಂಕೋಚ ಬೇಡ.

ಸಿನಿಮಾ ತೋರಿಸಿದ ಮೇಲೆ ಒಂದು ಬದಲಾವಣೆ ಆಯಿತು. ಮುಂಚೆ ಕೇಳುಗರು ಬಂದು ಹಾಡಿನ ಬಗ್ಗೆ ಮಾತಾಡುತ್ತಿದ್ದರು. ಈಗ ಸಿನಿಮಾ ಹೆಸರು ತರುತ್ತಾರೆ. ಸಾಗರದ ಒಬ್ಬ ಹುಡುಗಿ ಪೆನ್‌ಡ್ರೈವಿನಲ್ಲಿ ತಾನೇ ತೆಗೆದ ಕಿರುಚಿತ್ರ ಕೊಟ್ಟು ಹೋದಳು. ತಿಂಗಳಿಗೊಂದು ಭಾನುವಾರ ಪಾಠದ ನಂತರ ಮಕ್ಕಳ ಜೊತೆ ಒಂದು ಸಿನಿಮಾ ನೋಡುತ್ತೇವೆ. ಆ ನಿವೃತ್ತ ಮೇಷ್ಟ್ರೂ ಬರುತ್ತಾರೆ, ಅವಲಕ್ಕಿ ನಮ್ಮ ಮನೆಯದು. ಕಳೆದ ಸಲ 'ಜಲ್ಸಾಘರ್' ಹಾಕಿದ್ದೆವು. ಬೇಗಂ ಅಖ್ತರ್ ಹಾಡುವ ಭಾಗ ಮುಗಿದಾಗ ಎಂಟು ವರ್ಷದ ಒಬ್ಬ ಹುಡುಗ, "ಸರ್, ಇನ್ನೊಂದ್ಸಲ ಹಾಕಿ, ಹಿಂದೆ ಕೂತವ್ರನ್ನ ನಾನು ನೋಡ್ಲಿಲ್ಲ" ಅಂದ. ಹಾಕಿದೆವು.