ಮರಗೆಣಸಿನ ಗಂಜಿ ನೀಲಿ ವ್ಯಾಟಲ್ಲಿ ನಿಲ್ಲುತ್ತೆ: ಅಬೆಯೊಕುಟಾದಲ್ಲಿ ನನ್ನ ಒಂಬತ್ತು ಶನಿವಾರ

ಕೊನೆಗೂ ನಿಂತಿತು, ಬಟ್ಟೆ ಮೇಲೆ ಗಂಜೀಲಿ ಬರೆದ ಚಿತ್ರ ನೀಲಿ ವ್ಯಾಟಲ್ಲಿ, ಅಂದ್ರೆ ನೀಲಿ ಬಣ್ಣದ ತೊಟ್ಟೀಲಿ, ಕರಗದೆ ನಿಂತು ಆ ಜಾಗ ಬೆಳ್ಳಗೆ ಉಳೀತು. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಒಂದೂವರೆ ವರ್ಷದಿಂದ "ಗಂಜಿ ನಿಲ್ಲಲ್ಲ, ಸುಮ್ನೆ ಮೇಣ ಹಾಕಿ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿತ್ತು. ಬೆಂಗಳೂರಲ್ಲಿ ನನಗೆ ಬಾಟಿಕ್ ಕಲಿಸಿದ ಮೇಡಂ ಹಾಗಂದ್ರು, ನೀಲಿ ವ್ಯಾಟ್ ಇಡೋ ನಮ್ಮ ಗುಂಪಲ್ಲಿ ಐದಾರು ಜನ ಹಾಗಂದ್ರು, ಇಲ್ಲಿ ನೈಜೀರಿಯಾದ ಲಾಗೋಸಲ್ಲಿರೋ ನಮ್ಮ ಕನ್ನಡದೋರಂತೂ "ಅಬೆಯೊಕುಟಾಕ್ಕೆ ಹೋದ್ರೆ ಬಂಡೆ ಹತ್ತಿ ಫೋಟೋ ತೆಗೆಸ್ಕೊಂಡು ಸಂಜೆಗೆ ವಾಪಸ್ ಬಂದ್ಬಿಡಿ, ನಿಮ್ಮನ್ನ ಕೂರಿಸ್ಕೊಂಡು ಯಾರು ಕಲಿಸ್ತಾರೆ" ಅಂದ್ರು. ಈಗ ನನ್ನ ಹತ್ರ ಎರಡೆರಡು ಮೀಟರಿನ ಮೂರು ಬಟ್ಟೆ, ಒಂದು ಪೂರ್ತಿ ಸೀರೆ ಇದೆ, ಕೋಳಿ ಗರೀಲಿ ಎಳೆದ ಸಣ್ಣ ಗೆರೆನೂ ಬೆಳ್ಳಗೆ ಉಳ್ಕೊಂಡಿದೆ, ಒಂದು ತೊಟ್ಟು ಮೇಣ ಹಾಕಿಲ್ಲ.

ಯಜಮಾನರ ಕೆಲಸದ ಮೇಲೆ ಲಾಗೋಸಿಗೆ ಬಂದು ಇದು ಆರನೇ ವರ್ಷ. ಬಾಲ್ಕನೀಲಿ ಇಪ್ಪತ್ತು ಲೀಟರಿನ ವ್ಯಾಟು, ನಿಮ್ಮೆಲ್ಲರ ಥರಾನೇ ಸುಣ್ಣ, ಬೆಲ್ಲ, ಊರಿಂದ ತಂದ ನೀಲಿ ಪುಡಿ. ಇಲ್ಲಿಯ ಯೊರುಬಾ ಜನ ತಮ್ಮ ನೀಲಿ ಚಿತ್ರದ ಬಟ್ಟೆಗೆ ಆದಿರೆ ಅಂತಾರಲ್ಲ, ಅದರಲ್ಲಿ ದಾರ ಕಟ್ಟಿ ಮಾಡೋದು ಒನಿಕೊ, ಹೊಲಿದು ಮಾಡೋದು ಅಲಬೆರೆ, ಗಂಜೀಲಿ ಚಿತ್ರ ಬರೆದು ಮಾಡೋದು ಎಲೆಕೊ. ಮೊದಲೆರಡು ನಮ್ಮ ಬಾಂಧಣಿ ಕೈ ಇದ್ದೋರಿಗೆ ಹೊಸದೇನಲ್ಲ. ನಂಗೆ ಬೇಕಿದ್ದಿದ್ದು ಎಲೆಕೊ.

ಮೊದಲನೇ ಸಲ ಹೋಗಿದ್ದು ಎಲ್ಲರ ಹಾಗೇನೇ, ಜುಲೈನಲ್ಲಿ, ಬಾಡಿಗೆ ಕಾರು ಮಾಡ್ಕೊಂಡು. ಕಾರಿಗೇ ಅರವತ್ತು ಸಾವಿರ ನೈರಾ ಆಯ್ತು, ಸಾವಿರ ನೈರಾ ಅಂದ್ರೆ ಆಗ ಐವತ್ತೈದು ಅರವತ್ತು ರೂಪಾಯಿ ಅಂತ ಲೆಕ್ಕ ಇಟ್ಕೊಳ್ಳಿ. ಓಲುಮೊ ಬಂಡೆ ಹತ್ತಿದ್ವಿ, ಮೇಲಿಂದ ನೋಡಿದ್ರೆ ಊರು ತುಂಬ ತುಕ್ಕು ಹಿಡಿದ ತಗಡಿನ ಸೂರು, ಕಂದು ಬಣ್ಣದ ಬಟ್ಟೆ ಒಣಗೋಕೆ ಹರಡಿದಂಗೆ ಕಾಣುತ್ತೆ. 1830ರಲ್ಲಿ ಯುದ್ಧದಿಂದ ತಪ್ಪಿಸ್ಕೊಂಡು ಬಂದ ಎಗ್ಬಾ ಜನ ಈ ಬಂಡೆ ಕೆಳಗೆ ಆಶ್ರಯ ಪಡೆದ್ರು, ಅಬೆಯೊಕುಟಾ ಅಂದ್ರೇನೇ ಬಂಡೆ ಕೆಳಗೆ ಅಂತ. ಇಳಿದು ಬರ್ತಾ ಹದಿನೆಂಟು ಸಾವಿರ ಕೊಟ್ಟು ಒಂದು "ಅಸಲಿ ಆದಿರೆ" ತಗೊಂಡೆ. ಮನೇಲಿ ನೆನೆಸಿ ತಿರುಗಿಸಿ ನೋಡಿದ್ರೆ ಹಿಂಭಾಗ ಬರೀ ಮಸುಕು ಬಿಳಿ, ಮಿಷನ್ ಪ್ರಿಂಟು. ಎಲೆಕೋಗೆ ಗಂಜಿ ಹಾಕೋದು ಒಂದೇ ಮಗ್ಗುಲಿಗೆ, ಬಣ್ಣ ಕುಡಿಯೋದು ಎರಡೂ ಮಗ್ಗುಲು, ಹಾಗಾಗಿ ಅಸಲಿ ಬಟ್ಟೆಗೆ ಹಿಂದುಗಡೆನೇ ನೀಲಿ ಜಾಸ್ತಿ ಇರುತ್ತೆ, ಚಿತ್ರ ನೆರಳಿನ ಥರ ಕಾಣುತ್ತೆ. ಕೊಳ್ಳೋಕೆ ಹೋಗೋರು ದಯವಿಟ್ಟು ಬಟ್ಟೆ ತಿರುಗಿಸಿ ನೋಡಿ. ಹೊರದೇಶದ ಪ್ರಿಂಟು ತಂದು ಆದಿರೆ ಹೆಸರಲ್ಲಿ ಮಾರೋದರಿಂದ ವ್ಯಾಟ್ ಇಟ್ಕೊಂಡಿರೋ ಹೆಂಗಸರ ಹೊಟ್ಟೆ ಮೇಲೆ ಹೊಡೀತಿದಾರೆ, ನಂಗೆ ಇದು ನಿಜಕ್ಕೂ ಸಂಕಟ ಆಗುತ್ತೆ.

ಎರಡನೇ ಸಲದಿಂದ ಟ್ರೈನು. 2021ರಲ್ಲಿ ಶುರುವಾದ ಲಾಗೋಸ್ ಇಬಾದಾನ್ ಲೈನು ಇದೇ ಊರ ಮೇಲೆ ಹೋಗುತ್ತೆ, ಬೆಳಿಗ್ಗೆ ಎಂಟರ ಸುಮಾರಿಗೆ ಹೊರಡುತ್ತೆ, ಎಸಿ ಬೋಗಿ, ಕಾರಿನ ಖರ್ಚಲ್ಲಿ ಹತ್ತನೇ ಒಂದು ಭಾಗನೂ ಆಗಲ್ಲ. ಇಳಿಯೋ ಸ್ಟೇಷನ್ನಿಗೆ ಇದೇ ಊರಲ್ಲಿ ಹುಟ್ಟಿದ ನೊಬೆಲ್ ಸಾಹಿತಿ ವೊಲೆ ಸೊಯಿಂಕಾ ಅವರ ಹೆಸರಿಟ್ಟಿದಾರೆ. ಸ್ಟೇಷನ್ ಊರಾಚೆ ಇದೆ, ಅಲ್ಲಿಂದ ಕೆಕೆ ಹಿಡೀಬೇಕು, ಕೆಕೆ ಅಂದ್ರೆ ನಮ್ಮ ಬಜಾಜ್ ಆಟೋನೇ. ಆದಿರೆ ಮಾರೋ ಇತೋಕು ಮಾರ್ಕೆಟ್ ಅಂದ್ರೆ ಸಾಕು, ಕರ್ಕೊಂಡು ಹೋಗ್ತಾರೆ.

ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅಂದ್ರೆ ಆ ದಿನ ಏನೂ ಕೊಳ್ಳಲಿಲ್ಲ, ನನ್ನ ವ್ಯಾಟಲ್ಲಿ ಮಾಡಿದ ಒಂದು ತುಂಡು ಬಟ್ಟೆ ಚೀಲದಲ್ಲಿ ಇಟ್ಕೊಂಡು ಹೋಗಿದ್ದೆ. ಇನ್ನೊಂದು, ಅಲ್ಲಿ ಕೆಲಸ ಮಾಡ್ತಿರೋರ ಮುಂದೆ ಸುಮ್ನೆ ಹಾದು ಹೋಗಬಾರದು, "ಎ ಕು ಇಶೆ" ಅನ್ನಬೇಕು, ಕೆಲಸ ಚೆನ್ನಾಗಿ ಸಾಗಲಿ ಅಂದಹಾಗೆ. ದೊಡ್ಡೋರಿಗಾದ್ರೆ ಹೆಂಗಸರು ಮಂಡಿ ಬಗ್ಗಿಸಿ ಅನ್ನಬೇಕು. ಮೂರು ಅಂಗಡೀಲಿ "ಓಯಿಂಬೋ, ಎಷ್ಟು ಬೇಕು" ಅಂತ ಬಟ್ಟೆ ಬಿಚ್ಚಿ ಹಾಕಿದ್ರು, ಓಯಿಂಬೋ ಅಂದ್ರೆ ಹೊರದೇಶದೋರು, ನಾಲ್ಕನೇ ಅಂಗಡಿ ಅಜ್ಜಿ ನನ್ನ ತುಂಡು ಇಸ್ಕೊಂಡು ಮೂಸಿ ನೋಡಿದ್ರು. ಮೂಸಿದ್ರು ಅಂದ್ರೆ ಕೆಲಸ ಗೊತ್ತಿರೋರು. ಆಮೇಲೆ ನನ್ನ ಉಗುರು ನೋಡಿದ್ರು. ಅವತ್ತಿಂದ ಅವರು ನಂಗೆ ಇಯಾ, ಅಂದ್ರೆ ಅಮ್ಮ. ಅವರು ನನ್ನ ಕರೆಯೋದು ನನ್ನ ಮಗನ ಹೆಸರಿಗೆ ಇಯಾ ಸೇರಿಸಿ, ನಮ್ಮ ಕಡೆ ಪುಟ್ಟನ ಅಮ್ಮ ಅನ್ನೋ ಹಾಗೆ. ಫೀಸು ಒಂದು ಲಕ್ಷದಿಂದ ಶುರುವಾಗಿ ಒಂಬತ್ತು ಶನಿವಾರಕ್ಕೆ ಅರವತ್ತು ಸಾವಿರಕ್ಕೆ ನಿಂತಿತು, ಊಟ ಅವರದ್ದೇ.

ಆದರೆ ಇಯಾ ಸಿಗೋದಕ್ಕೆ ಮುಂಚೇನೇ ಮನೇಲಿ ನಾನೇ ಒಂದು ಪ್ರಯತ್ನ ಮಾಡಿ ಕೈ ಸುಟ್ಕೊಂಡಿದ್ದೆ, ಅದನ್ನ ಹೇಳಲೇಬೇಕು. ಮಳೆಗಾಲ, ಮರಗೆಣಸಿನ ಹಿಟ್ಟು ಗಂಜಿ ಕಾಯಿಸಿ, ಬರೆದು, ಫ್ಯಾನ್ ಕೆಳಗೆ ಒಂದು ದಿನ ಒಣಗಿಸಿ, ನಾವು ಯಾವಾಗಲೂ ಮಾಡೋ ಹಾಗೆ ಬಟ್ಟೆ ನೀರಲ್ಲಿ ನೆನೆಸಿ ವ್ಯಾಟಿಗೆ ಇಳಿಸಿದೆ. ಹತ್ತು ನಿಮಿಷ ಬಿಟ್ಟು ಎತ್ತಿದ್ರೆ ಗಂಜಿ ಲೋಳೆಲೋಳೆಯಾಗಿ ಕೈಗೇ ಬಂತು, ಉಳಿದಿದ್ದು ವ್ಯಾಟೊಳಗೆ. ಎರಡು ದಿನದಲ್ಲಿ ವ್ಯಾಟು ಹುಳಿ ವಾಸನೆ ಹೊಡೆದು ಮೇಲಿದ್ದ ತಾಮ್ರ ಬಣ್ಣದ ಪೊರೆ ಹೋಗಿ ಬೂದಿ ಬಣ್ಣಕ್ಕೆ ತಿರುಗಿತು. ನೂರೈವತ್ತು ಗ್ರಾಂ ಹತ್ರ ನೀಲಿ, ಊರಿಂದ ಕೆಜಿಗೆ ಮೂರು ಸಾವಿರ ರೂಪಾಯಿ ಕೊಟ್ಟು ತಂದಿದ್ದು, ಸುಣ್ಣ ಹಾಕಿ ಬೆಲ್ಲ ಹಾಕಿ ವಾರ ಒದ್ದಾಡಿದೆ, ಏಳಲಿಲ್ಲ, ಚೆಲ್ಲಿದೆ. ಅವತ್ತು ರಾತ್ರಿ ಅತ್ತಿದೀನಿ.

ಇಯಾ ಹತ್ರ ಹೋದಮೇಲೆ ಗೊತ್ತಾಗಿದ್ದು, ನಾನು ಮಾಡಿದ್ದರಲ್ಲಿ ಮೂರು ಕಡೆ ತಪ್ಪು. ಒಂದು ಹಿಟ್ಟು. ಲಾಫುನ್ ಅಂತ ಸಿಗುತ್ತೆ, ಮರಗೆಣಸನ್ನ ನೀರಲ್ಲಿ ದಿನಗಟ್ಟಲೆ ಹುಳಿ ಬರಿಸಿ ಒಣಗಿಸಿ ಕುಟ್ಟಿದ್ದು, ನಾನು ತಂದಿದ್ದು ಹುಳಿ ಬರಿಸದ ಹಿಟ್ಟು. ಗಂಜಿಗೆ ಪಟಿಕ, ಮೈಲುತುತ್ತ ಎರಡೂ ಬೀಳುತ್ತೆ, ಕುದಿಸಿ ಹಳೇ ಬಟ್ಟೇಲಿ ಸೋಸಿದಮೇಲೆ ಅದು ನೀರು ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಬೇಕು. ಎರಡನೇದು ಒಣಗಿಸೋದು, ಉಗುರಲ್ಲಿ ಕೆರೆದ್ರೆ ಪುಡಿ ಏಳಬೇಕು, ಬಾಗಿದ್ರೆ ಇನ್ನೂ ಹಸಿ ಅಂತ. ಮೂರನೇದಕ್ಕೆ ನಾನು ಜಗಳಾನೇ ಆಡಿದೆ, ಬಟ್ಟೆ ನೆನೆಸಬಾರದು ಅಂದ್ರು. ಒಣ ಬಟ್ಟೆ ಹಾಕಿದ್ರೆ ಮಚ್ಚೆ ಮಚ್ಚೆ ಆಗುತ್ತೆ ಅಂತ ನಮಗೆಲ್ಲ ಪಾಠ ಆಗಿದೆಯಲ್ಲ. ಇಯಾ ಏನೂ ಹೇಳಲಿಲ್ಲ, ಒಂದೇ ಬಟ್ಟೆ ಹರಿದು ಎರಡು ಮಾಡಿ, ಒಂದು ನೆನೆಸಿ ಒಂದು ಒಣಗಿದ್ದು ಹಾಗೇ ಇಳಿಸಿ ನನ್ನ ಕೈಗೆ ಕೊಟ್ರು. ಒಣಗಿದ್ದೇ ನಿಂತಿತು. ಮುಳುಗಿಸೋದು ಮೂವತ್ತು ನಲವತ್ತು ಎಣಿಸೋವರೆಗೆ ಅಷ್ಟೇ, ಹಿಂಡಬಾರದು, ಉಜ್ಜಬಾರದು, ಎತ್ತಿ ಹಸಿರು ಹೋಗಿ ನೀಲಿಯಾಗೋವರೆಗೆ ಗಾಳಿಗೆ ಹಿಡೀಬೇಕು, ಮತ್ತೆ ಮುಳುಗಿಸಬೇಕು. ನನ್ನ ತೆಳು ವ್ಯಾಟಲ್ಲಿ ಹದಿನಾಲ್ಕು ಹದಿನೈದು ಸಲ ಆಗುತ್ತೆ, ಮಧ್ಯೆ ಒಂದು ಸಲ ಪೂರ್ತಿ ಒಣಗಿಸ್ತೀನಿ. ಮಚ್ಚೆ ವಿಷಯಕ್ಕೆ ಇಯಾ ಮಾಡೋ ಒಂದು ಉಪಾಯ ಇದೆ, ಅದು ಇಲ್ಲಿ ಬರೆಯಲ್ಲ, ಮಾತು ಕೊಟ್ಟಿದೀನಿ.

ಗರಿ ವಿಷಯ. ಕೋಳಿ ರೆಕ್ಕೆಯ ದೊಡ್ಡ ಗರಿ ತಗೊಂಡು ಎರಡೂ ಕಡೆಯ ಎಳೆ ಕಿತ್ತು ತುದೀಲಿ ಕಡಲೆಕಾಳಿನಷ್ಟು ಅಗಲ ಮಾತ್ರ ಬಿಡಬೇಕು. ಬ್ರಷ್ ಹಿಡಿದ ಹಾಗೆ ಹಿಡಿದ್ರೆ ಗಂಜಿ ತೊಟ್ಟಿಕ್ಕುತ್ತೆ. ರಂಗೋಲಿ ಹಿಟ್ಟು ಬಿಡೋವಾಗ ಕೈ ಹೇಗೆ ಎತ್ತಿ ಹಿಡೀತೀವಿ, ಮಣಿಕಟ್ಟು ಎಲ್ಲೂ ಊರದೆ, ಹಾಗೆ. ಇದೊಂದರಲ್ಲಿ ನಂಗೆ ಏನೂ ಹೇಳಿಕೊಡೋ ಅಗತ್ಯ ಬೀಳಲಿಲ್ಲ, ಎರಡನೇ ಶನಿವಾರಕ್ಕೇ ಇಯಾ ಪಕ್ಕದ ಅಂಗಡಿಯೋರನ್ನ ಕರೆದು ನನ್ನ ಗೆರೆ ತೋರಿಸಿದ್ರು. ಬಟ್ಟೇನ ಚೌಕ ಚೌಕ ಮಡಿಸಿ ಗುರುತು ಮಾಡ್ಕೊಂಡು ಒಂದೊಂದು ಚೌಕಕ್ಕೆ ಒಂದೊಂದು ಚಿತ್ರ. ಇಬಾದಾನ್ ಊರನ್ನ ಹೊಗಳೋ ಇಬಾದಂದುನ್ ಅನ್ನೋ ಹಳೇ ವಿನ್ಯಾಸದಲ್ಲಿ ಅಲ್ಲಿಯ ಮಾಪೊ ಹಾಲ್ ಅನ್ನೋ ಕಟ್ಟಡದ ಕಂಬಗಳೇ ಬರುತ್ತೆ.

ಇಯಾ ಅಂಗಡಿ ಮಾಲಿಗೆ ಕಾಸ್ಟಿಕ್ ಸೋಡಾ, ಹೈಡ್ರೋಸ್ ಅನ್ನೋ ರಾಸಾಯನಿಕಗಳನ್ನೇ ಬಳಸೋದು, ಅದನ್ನ ಮುಚ್ಚಿಡಲ್ಲ. ಮನೆ ಹಿಂದೆ ಮಾತ್ರ ಎರಡು ಮಡಕೆ ಇದೆ, ಮೇಲಿನ ಮಡಕೆಗೆ ತಳದಲ್ಲಿ ತೂತು, ಅದರಲ್ಲಿ ಬೂದಿ ತುಂಬಿ ನೀರು ಹಾಕಿದ್ರೆ ಕೆಳಗಿನದಕ್ಕೆ ಚಹಾ ಬಣ್ಣದ ನೀರು ಇಳಿಯುತ್ತೆ, ಆ ನೀರಲ್ಲಿ ಎಲು ಉಂಡೆ ಕೊಳೆ ಹಾಕ್ತಾರೆ. ಎಲು ನಮ್ಮ ನೀಲಿ ಗಿಡ ಅಲ್ಲ, ಕಾಡುಬಳ್ಳಿ, ಎಲೆ ಕುಟ್ಟಿ ಉಂಡೆ ಕಟ್ಟಿ ಒಣಗಿಸಿರ್ತಾರೆ. 1930ರ ದಶಕದಲ್ಲಿ ಇದೇ ಊರಿನ ಅರಸರು, ಅಲಾಕೆ ಅಂತಾರೆ, ಕಾಸ್ಟಿಕ್ಕೂ ಸಿಂಥೆಟಿಕ್ ನೀಲಿನೂ ಬಳಸಬಾರದು ಅಂತ ನಿಷೇಧ ಹಾಕಿದ್ರು, ಬಣ್ಣದ ಹೆಂಗಸರು ಸುಮ್ನೆ ಕೂರಲಿಲ್ಲ, ಎದುರು ನಿಂತ್ರು. ಆಮೇಲೆ 1947ರಲ್ಲಿ ತೆರಿಗೆ ವಿರುದ್ಧ ಹೋರಾಟಗಾರ್ತಿ ಫುನ್ಮಿಲಾಯೊ ರಾನ್ಸಮ್ ಕುಟಿ ಅವರ ಜೊತೆ ಮಾರ್ಕೆಟ್ ಹೆಂಗಸರೆಲ್ಲ ಬೀದಿಗಿಳಿದು, 1949ರಲ್ಲಿ ಆ ಅಲಾಕೇನೇ ಗದ್ದುಗೆ ಬಿಟ್ಟು ಹೋಗೋ ಹಾಗೆ ಮಾಡಿದ್ರು. ಇಂಥ ಊರಲ್ಲಿ ರೇಟು ಚೌಕಾಸಿ ಮಾಡೋವಾಗ ದನಿ ತಗ್ಗಿಸಿ ಮಾಡಬೇಕು, ನಾನು ಹಾಗೇ ಮಾಡ್ತೀನಿ. ಇನ್ನೊಂದು ವಿಷಯ ತಲೇಲಿ ಉಳ್ಕೊಂಡಿದೆ, ಯೊರುಬಾ ಭಾಷೆಯ ಮೊದಲ ಪತ್ರಿಕೆ ಇವೆ ಇರೊಹಿನ್ 1859ರಲ್ಲಿ ಶುರುವಾಗಿದ್ದು ಇಲ್ಲೇ, ಮಿಷನರಿಗಳ ಕೈಯಲ್ಲಿ. ನಮ್ಮ ಮಂಗಳೂರ ಸಮಾಚಾರ 1843. ಇಯಾಗೆ ಹೇಳಿದೆ, "ಹಾಗಾದ್ರೆ ನೀವು ಅಕ್ಕ" ಅಂದ್ರು.

ಮಧ್ಯೆ ಒಂದು ಸಲ ಒಶೊಗ್ಬೊಗೂ ಹೋಗಿ ಬಂದೆ, ದೂರ, ಎರಡು ದಿನ ಬೇಕು. ಅಲ್ಲಿ ನದಿ ದಂಡೆಯ ಒಶುನ್ ದೇವರ ಕಾಡು 2005ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಆಸ್ಟ್ರಿಯಾದಿಂದ ಬಂದು ಅಲ್ಲೇ ಜೀವನ ಕಳೆದ ಸುಸಾನ್ ವೆಂಗರ್ ಅವರೂ ಊರಿನ ಕುಶಲಿಗರೂ ಸೇರಿ ಮಾಡಿದ ಮೂರ್ತಿಗಳು ಮರಗಳ ಮಧ್ಯೆ ನಿಂತಿವೆ. ಊರು ಕಟ್ಟೋಕೆ ಬಂದೋರು ಮರ ಕಡಿದಾಗ ಅದು ನದಿಗೆ ಬಿದ್ದು, "ನನ್ನ ನೀಲಿ ಮಡಕೆಗಳನ್ನೆಲ್ಲ ಒಡೆದ್ರಲ್ಲೋ" ಅಂತ ನೀರೊಳಗಿಂದ ದೇವರು ಕೂಗಿದ್ರಂತೆ, ಹಾಗಾಗಿ ಆ ಊರಿಗೆ ನೀಲಿ ಊರು ಅಂತ ಹೊಗಳಿಕೆ. ವ್ಯಾಟು ಚೆಲ್ಲಿದೋಳು ನಾನು, ಆ ಕಥೆ ಕೇಳಿ ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ.

ಮನೇಲಿ ಮಾಡಿದ ಬೇರೆ ಪ್ರಯೋಗ ಕೇಳಿ. ರಾಗಿ ಹಿಟ್ಟಿನ ಗಂಜಿ ನಿಲ್ಲುತ್ತೆ ಆದರೆ ಬಿಳಿ ಜಾಗಕ್ಕೆ ಕಂದು ಬಿಡುತ್ತೆ. ಮೈದಾ ಬಿರುಕು ಬಿಡುತ್ತೆ, ಬಟ್ಟೆ ತುಂಬ ನರ ನರ. ಸಬ್ಬಕ್ಕಿ ರುಬ್ಬಿ ಮೂರು ದಿನ ಹುಳಿ ಬರಿಸಿ ಒಣಗಿಸಿದ್ದು ಲಾಫುನ್ನಿಗೆ ಮುಕ್ಕಾಲು ಪಾಲು ಸಮ, ಊರಲ್ಲಿರೋರು ಇದನ್ನೇ ಹಿಡೀಬಹುದು. ಎಲು ಉಂಡೆ ನನ್ನ ಸುಣ್ಣ ಬೆಲ್ಲದ ವ್ಯಾಟಿಗೆ ಹಾಕಿ ನೋಡಿದೆ, ಒಂಬತ್ತು ದಿನ ಬೇಕಾಯ್ತು, ಆದರೆ ಬಂದ ನೀಲಿ ಸ್ವಲ್ಪ ಕಪ್ಪು ಕಡೆ, ತುಂಬ ಚೆನ್ನಾಗಿದೆ.

ಪೂರ್ತಿ ಕೈಗೂಡಿದ್ದು ಡಿಸೆಂಬರ್ ಕೊನೇಲಿ, ಹರ್ಮಟ್ಟಾನ್ ಗಾಳಿ ಶುರುವಾದಮೇಲೆ. ಸಹಾರಾ ಕಡೆಯಿಂದ ಬರೋ ಒಣ ಗಾಳಿ, ತುಟಿ ಒಡೆಯುತ್ತೆ, ಗಂಜಿ ಮಾತ್ರ ಅರ್ಧ ದಿನದಲ್ಲಿ ಗರಿಗರಿ. ತುಂಬಾ ಒಣಗಿ ಒಡೆಯಬಾರದು ಅಂತ ಗಂಜಿಗೆ ಒಂದು ಸಾಮಾನು ಸೇರಿಸ್ತಾರೆ, ಅದೂ ಹೇಳಲ್ಲ, ಅಡಿಗೆಮನೇಲೇ ಇದೆ, ಹುಡುಕಿ. ಕೊನೇ ಮುಳುಗು ಆಗಿ ಪೂರ್ತಿ ಒಣಗಿದಮೇಲೆ ಮೊಂಡು ಚಾಕೂಲಿ ಕೆರೆದಾಗ ನೀಲಿ ಪದರ ಹಪ್ಪಳದ ಚೂರಿನ ಥರ ಉದುರಿ, ಕೆಳಗೆ ಬಿಳಿ ಗೆರೆ ಎದ್ದು ಬಂತು ನೋಡಿ, ಬಾಲ್ಕನೀಲಿ ಒಬ್ಬಳೇ ಕೂಗಿಬಿಟ್ಟೆ, ಯಜಮಾನ್ರು ಏನಾಯ್ತೋ ಅಂತ ಓಡಿ ಬಂದ್ರು.

ಖರ್ಚು ಒಟ್ಟು ಸುಮಾರು ಮೂರು ಲಕ್ಷ ನೈರಾ, ಹಾಳಾದ ಬಟ್ಟೆ, ಚೆಲ್ಲಿದ ನೀಲಿ, ಮೊದಲ ಕಾರು ಎಲ್ಲ ಸೇರಿ. ಮೊದಲನೇ ಬಟ್ಟೇನ ಇಯಾ ಅಂಗಡೀಲಿ ಎಲ್ಲಕ್ಕಿಂತ ಮುಂದೆ ನೇತು ಹಾಕಿದ್ರು, ಒಂದು ಗಂಟೇಲಿ ಇಬ್ಬರು ರೇಟು ಕೇಳಿದ್ರು, ಒಬ್ಬರು ಇಪ್ಪತ್ತೈದು ಸಾವಿರ ಅಂದ್ರು, ನಾನು ಕೊಡಲಿಲ್ಲ. ಸೀರೆ ಬರೆಯೋಕೇ ಹನ್ನೊಂದು ದಿನ ಹಿಡೀತು, ಸೆರಗಲ್ಲಿ ಕಂಬ, ಒಡಲಲ್ಲಿ ನಮ್ಮ ಚುಕ್ಕಿ ರಂಗೋಲಿ. ಮಡಿಕೆ ಬಿದ್ದ ಒಂದು ಕಡೆ ಗಂಜಿ ಒಡೆದು ಗೇಣುದ್ದ ನೀಲಿ ನುಗ್ಗಿದೆ, ಐದೂವರೆ ಮೀಟರನ್ನ ಮಡಿಸದೇ ಮುಳುಗಿಸೋದು ಹೇಗೆ ಅನ್ನೋದು ಇನ್ನೂ ಬಗೆಹರಿದಿಲ್ಲ, ಉದ್ದ ತೊಟ್ಟಿ ಮಾಡ್ಸೋಣ ಅಂದ್ರೆ ಬಾಲ್ಕನೀಲಿ ಜಾಗ ಸಾಲಲ್ಲ. ಇಯಾ ಮನೆ ಹಿಂದೆ ಜಾಗ ಇದೆ. ಈ ಶನಿವಾರ ಅದನ್ನೇ ಅಳತೆ ಮಾಡೋಕೆ ಹೋಗ್ತಿದೀನಿ, ಎರಡು ಕೆಜಿ ರಾಗಿ ಹಿಟ್ಟೂ ತಗೊಂಡು. ಒಂಬತ್ತು ವಾರ ಅವರ ಮನೆ ಲಾಫುನ್ ಮುದ್ದೆ ಉಂಡಿದೀನಿ, ನಮ್ಮ ಮುದ್ದೆ ಒಂದು ಸಲ ಮಾಡಿ ಹಾಕು ಅಂತ ಕೇಳ್ತಾನೇ ಇದಾರೆ.