ಹಳೆಯ ಹೋಂಡಾ ಆಟೋಮ್ಯಾಟಿಕ್‌ನಲ್ಲಿ ಗೇರ್ ಬದಲಾವಣೆಯ ತೊಂದರೆ

1990ರ ದಶಕದ ಸಿವಿಕ್, ಅಕಾರ್ಡ್ ಗೇರ್ ಬದಲಿಸುವಾಗ ಒದೆಯುತ್ತಿದ್ದರೆ ಮೊದಲು ನೋಡಬೇಕಾದದ್ದು ಗೇರ್‌ಬಾಕ್ಸ್ ಆಯಿಲ್. ಬೇರೆ ಅನೇಕ ಕಾರುಗಳಂತೆ ಇದನ್ನು ಇಂಜಿನ್ ಓಡುತ್ತಿರುವಾಗ ನೋಡುವುದಲ್ಲ. ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ಆಫ್ ಮಾಡಿ, ಒಂದು ನಿಮಿಷದೊಳಗೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಿ. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಗೇರ್‌ಬಾಕ್ಸಿನೊಳಗಿನ ಕ್ಲಚ್ ಸವೆದಿರುವ ಸಾಧ್ಯತೆ ಹೆಚ್ಚು. ಆಯಿಲ್ ಬದಲಿಸಿದರಷ್ಟೇ ಅದು ಸರಿಹೋಗದು.

ಡ್ಯಾಶ್‌ಬೋರ್ಡಿನ ಡಿ4 (ಗೇರ್ ಸ್ಥಾನ ತೋರಿಸುವ) ದೀಪ ಮಿನುಗುತ್ತಿದ್ದರೆ ದೋಷ ಕಂಪ್ಯೂಟರಿನಲ್ಲಿ ದಾಖಲಾಗಿದೆ. ನೀಲಿ ಸರ್ವಿಸ್ ಕನೆಕ್ಟರಿನ ಎರಡು ಪಿನ್‌ಗಳನ್ನು ತಂತಿಯಿಂದ ಒಂದಕ್ಕೊಂದು ಜೋಡಿಸಿ, ಇಗ್ನಿಷನ್ ಆನ್ ಮಾಡಿ, ಮಿನುಗು ಎಣಿಸಿ. ದೀರ್ಘ ಮಿನುಗು 10, ಚಿಕ್ಕದು 1; ಕೂಡಿಸಿದರೆ ದೋಷದ ಸಂಖ್ಯೆ. 7 ಮತ್ತು 8 ಎಂದರೆ ಶಿಫ್ಟ್ ಸೊಲೆನಾಯ್ಡ್‌ಗಳು, ಅಂದರೆ ಗೇರ್ ಬದಲಿಸಲು ಆಯಿಲ್ ಒತ್ತಡ ನಿಯಂತ್ರಿಸುವ ವಿದ್ಯುತ್ ಕವಾಟಗಳು. 9 ಮತ್ತು 15 ಎಂದರೆ ವೇಗದ ಸೆನ್ಸರ್‌ಗಳು.

ಸೊಲೆನಾಯ್ಡ್‌ಗಳು ಗೇರ್‌ಬಾಕ್ಸಿನ ಹೊರಗೇ ಇರುವುದು ದೊಡ್ಡ ಅನುಕೂಲ. ಕನೆಕ್ಟರ್ ತೆಗೆದು, ಪಿನ್ ಮತ್ತು ಬಾಡಿ ನಡುವೆ ಮಲ್ಟಿಮೀಟರ್ ಹಿಡಿಯಿರಿ: 12ರಿಂದ 25 ಓಮ್ ಬರಬೇಕು. ನಂತರ ಬ್ಯಾಟರಿಯ 12 ವೋಲ್ಟ್ ಕೊಟ್ಟಾಗ 'ಟಿಕ್' ಸದ್ದು ಕೇಳಬೇಕು. ಸದ್ದಿದ್ದೂ ಶಿಫ್ಟ್ ಸರಿಯಿಲ್ಲವೆಂದರೆ ಸೊಲೆನಾಯ್ಡ್ ಬಿಚ್ಚಿ, ಅದರಡಿಯ ಗ್ಯಾಸ್ಕೆಟ್ಟಿನ (ಸೋರಿಕೆ ತಡೆಯುವ ಪದರ) ಸಣ್ಣ ಜಾಲರಿ ನೋಡಿ. ಲೋಹದ ಪುಡಿ ಕಟ್ಟಿಕೊಂಡು ಒತ್ತಡ ತಡೆಯುವುದು ಅಲ್ಲೇ. ಹೊಸ ಗ್ಯಾಸ್ಕೆಟ್ ಹಾಕದೆ ಕೂಡಿಸಬೇಡಿ.