ಚಕ್ಕಿಯ ಕೊನೆಯ ನಾಲ್ಕು ಸಿನಿಮಾ: ನಡುವಿನಿಂದ ಶುರು ಮಾಡಿ ಗೆದ್ದ ಅನುಭವ

ಕೊಲೆಗಾರನೊಬ್ಬನ ಆತ್ಮ ಹೊಕ್ಕ ಚಕ್ಕಿ ಎಂಬ ಗೊಂಬೆಯ ಹಾಲಿವುಡ್ ಸರಣಿಯಲ್ಲಿ ಮೊದಲ ಎರಡು ಸಿನಿಮಾ ನೋಡಿದರೆ ಸಾಕು, ಮಿಕ್ಕದ್ದೆಲ್ಲ ದಂಡ ಎಂಬ ಮಾತನ್ನು ಹಾರರ್ ಪ್ರಿಯರ ಬಾಯಲ್ಲಿ ಕೇಳಿ ಕೇಳಿ ಸಾಕಾಗಿತ್ತು. ನಾನು ಎಂದೂ ಒಪ್ಪಿದವನಲ್ಲ. 1998ರ 'ಬ್ರೈಡ್ ಆಫ್ ಚಕ್ಕಿ', 2004ರ 'ಸೀಡ್ ಆಫ್ ಚಕ್ಕಿ', 2013ರ 'ಕರ್ಸ್ ಆಫ್ ಚಕ್ಕಿ', 2017ರ 'ಕಲ್ಟ್ ಆಫ್ ಚಕ್ಕಿ' ಈ ನಾಲ್ಕೇ ಸರಣಿಯ ನಿಜವಾದ ಆಸ್ತಿ ಎಂಬುದು ನನ್ನ ವಾದ. ವಾದ ಮಾಡುವುದು ಸುಲಭ, ಹತ್ತು ಹನ್ನೆರಡು ಜನರನ್ನು ಕೂರಿಸಿ ಒಪ್ಪಿಸುವುದು ಕಷ್ಟ. ಮೈಸೂರಿನ ನಮ್ಮ ಮನೆಯ ಮಹಡಿಯ ಮೇಲೆ ಈಗ ಅದು ಸಾಧ್ಯವಾಗಿದೆ. ಗೆಳೆಯರ ಕೂಟ, ಟಿಕೆಟ್ಟಿಲ್ಲ, ತಿಂಡಿ ಖರ್ಚನ್ನು ಹಂಚಿಕೊಳ್ಳುತ್ತೇವೆ ಅಷ್ಟೇ. ಇಂಥ ಕೂಟ ನಡೆಸುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಬಿಡುಗಡೆಯ ಕ್ರಮದಲ್ಲೇ ತೋರಿಸಿ ನೋಡಿದೆ. 1988ರ 'ಚೈಲ್ಡ್ಸ್ ಪ್ಲೇ' ಎಲ್ಲರಿಗೂ ಹಿಡಿಸಿತು. ಎರಡನೆಯದರಲ್ಲಿ ಗೊಂಬೆ ಕಾರ್ಖಾನೆಯ ಕೊನೆಯ ಹೊಡೆದಾಟ ಇರುವುದರಿಂದ ಅದೂ ದಾಟಿತು. ಮೂರನೆಯದರಲ್ಲಿ ಕೂಟ ಮುಗ್ಗರಿಸಿತು. 1990ರ ನವೆಂಬರಿನಲ್ಲಿ ಎರಡನೆಯದು, 1991ರ ಆಗಸ್ಟಿನಲ್ಲಿ ಮೂರನೆಯದು. ಒಂಬತ್ತೇ ತಿಂಗಳ ಅವಸರ ಆ ಮಿಲಿಟರಿ ಶಾಲೆಯ ದೃಶ್ಯಗಳಲ್ಲಿ ಎದ್ದು ಕಾಣುತ್ತದೆ. ಕಾಫಿಗೆಂದು ಕೆಳಗಿಳಿದವರಲ್ಲಿ ಅರ್ಧ ಜನ ಮತ್ತೆ ಹತ್ತಲಿಲ್ಲ.

ಆಮೇಲೆ ಮೊದಲನೆಯದರಿಂದ ನೇರ 'ಬ್ರೈಡ್'ಗೆ ಹಾರಿದೆ. ಹಾಂಗ್‌ಕಾಂಗಿನ ರಾನಿ ಯೂ ನಿರ್ದೇಶನ, ಪೀಟರ್ ಪಾವ್ ಕ್ಯಾಮೆರಾ. ಎರಡೇ ವರ್ಷದ ನಂತರ ಬಂದ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್'ಗೆ ಆಸ್ಕರ್ ಗೆದ್ದವರು ಇದೇ ಪಾವ್. ಬೆಳಕು, ಬಣ್ಣ, ಮಳೆ ಎಲ್ಲವೂ ಕಣ್ಣಿಗೆ ಹಬ್ಬ. ಆದರೆ ಆಗಷ್ಟೇ 1988ರ ಭಯದಲ್ಲಿದ್ದವರಿಗೆ ಚಕ್ಕಿ ಹೆಂಡತಿಯ ಜೊತೆ ಜಗಳವಾಡುವುದು ಅಪಚಾರದಂತೆ ಕಂಡಿತು. ಮರುದಿನವೇ 'ಸೀಡ್' ಹಾಕಿದಾಗ ಕಥೆ ಮುಗಿದೇಹೋಯಿತು. ನಮ್ಮ ಗುಂಪಿನ ಹಿರಿಯರೊಬ್ಬರು ಎದ್ದು ನಿಂತು, "ಸ್ವಾಮಿ, ಗೊಂಬೆಗೆ ಮಗು ಹುಟ್ಟಿದ ಮೇಲೆ ಇನ್ನೇನು ನೋಡುವುದಿದೆ? ಈ ಸರಣಿಯನ್ನು ಬಿಟ್ಟುಬಿಡಿ" ಎಂದು ಚಪ್ಪಲಿ ಮೆಟ್ಟಿಕೊಂಡರು. ಇಡೀ ರಾತ್ರಿಯ ಪ್ರದರ್ಶನವನ್ನೂ ಮಾಡಿದೆ. ಎರಡು ಗಂಟೆಯ ಹೊತ್ತಿಗೆ ಎಚ್ಚರವಿದ್ದವರು ಪ್ರೊಜೆಕ್ಟರ್ ಮತ್ತು ನಾನು.

ದಾರಿ ತೋರಿಸಿದ್ದು 'ಕರ್ಸ್'. ಹೊಸ ಪರದೆ ಕಟ್ಟಿದಾಗ ಕಪ್ಪು ಎಷ್ಟು ಕಪ್ಪಾಗಿ ಬರುತ್ತದೆ ಎಂದು ಪರೀಕ್ಷಿಸಲು ಅದನ್ನು ಒಬ್ಬನೇ ಹಾಕಿಕೊಂಡು ಕುಳಿತಿದ್ದೆ. 'ಸೀಡ್' ಸುಮಾರು ಒಂದೂಕಾಲು ಕೋಟಿ ಡಾಲರಿನಲ್ಲಿ ತಯಾರಾಗಿ ದುಪ್ಪಟ್ಟು ಗಳಿಸಿದ್ದರೂ ಸ್ಟುಡಿಯೋಗೆ ಅದು ಸೋಲೇ. ಒಂಬತ್ತು ವರ್ಷ ಚಕ್ಕಿ ಮೂಲೆಗೆ ಬಿದ್ದ. ಆಮೇಲೆ ಚಕ್ಕಿಯನ್ನು ಸೃಷ್ಟಿಸಿದ ಲೇಖಕ, ನಿರ್ದೇಶಕ ಡಾನ್ ಮ್ಯಾನ್ಸಿನಿಗೆ ಸಿಕ್ಕಿದ್ದು ಅರ್ಧ ಕೋಟಿ ಡಾಲರಿನ ಆಸುಪಾಸು, ಕೆನಡಾದ ವಿನಿಪೆಗ್ ನಗರದಲ್ಲಿ ಚಿತ್ರೀಕರಣ, ಥಿಯೇಟರೂ ಇಲ್ಲದೆ ನೇರ ಡಿಸ್ಕಿಗೆ ಬಿಡುಗಡೆ. ಆ ಬಡತನವೇ ಸಿನಿಮಾವನ್ನು ಉಳಿಸಿದೆ. ಒಂದು ಹಳೆಯ ಮನೆ, ಒಂದು ಲಿಫ್ಟು, ಗಾಲಿಕುರ್ಚಿಯ ಮೇಲಿರುವ ನಾಯಕಿ ನೀಕಾ, ಕೈಬೆರಳಲ್ಲಿ ಎಣಿಸುವಷ್ಟು ನೆಂಟರು. ಗೊಂಬೆ ಬಹಳ ಹೊತ್ತು ಬಾಯಿ ಬಿಡುವುದೇ ಇಲ್ಲ.

ಊಟದ ದೃಶ್ಯವನ್ನು ನೋಡಿ. ಚಕ್ಕಿ ಒಂದೇ ಒಂದು ಬಟ್ಟಲಿಗೆ ಇಲಿಪಾಷಾಣ ಹಾಕಿದ್ದಾನೆ. ಕ್ಯಾಮೆರಾ ಮೇಜಿನ ನೆತ್ತಿಯ ಮೇಲೆ ನಿಂತು ಎಲ್ಲ ಬಟ್ಟಲುಗಳನ್ನೂ ತೋರಿಸುತ್ತದೆ. ಎಲ್ಲವೂ ಒಂದೇ ತರಹ. ಯಾರು ಚಮಚ ಎತ್ತುತ್ತಾರೆ, ಯಾರು ಮಾತಿಗೆ ನಿಲ್ಲಿಸುತ್ತಾರೆ ಎಂದು ನಮ್ಮ ಕಣ್ಣು ಒಬ್ಬೊಬ್ಬರ ಕೈಯ ಹಿಂದೆ ಓಡುತ್ತದೆ. ರಕ್ತವಿಲ್ಲ, ಕಿರುಚಾಟವಿಲ್ಲ. ಎಂಟು ಕೋಟಿಯ ಗ್ರಾಫಿಕ್ಸಿಗೆ ಇಲ್ಲದ ಬಿಗಿ ಈ ಬಟ್ಟಲುಗಳಿಗಿದೆ. ನಾನು ಕೂಟದಲ್ಲಿ ಈ ದೃಶ್ಯದ ಹೊತ್ತಿಗೆ ಸರಿಯಾಗಿ ತಿಂಡಿ ತಟ್ಟೆ ಕೊಡಿಸುತ್ತೇನೆ. ಯಾರೂ ಮುಟ್ಟುವುದಿಲ್ಲ.

ಆದರೆ ನನ್ನ ವಿಧಾನ ಹುಟ್ಟಿದ್ದು ಅಟ್ಟದ ದೃಶ್ಯದಲ್ಲಿ. ನೀಕಾಳ ಅಕ್ಕ ಗೊಂಬೆಯ ಮುಖವನ್ನು ಹತ್ತಿರದಿಂದ ನೋಡುತ್ತಾಳೆ. ನುಣುಪಾದ ಕೆನ್ನೆಯ ಅಂಚು ಸ್ವಲ್ಪ ಎದ್ದಿದೆ. ಉಗುರಿನಿಂದ ಕೆರೆದು ಎಳೆದರೆ ಸಿಪ್ಪೆಯಂತೆ ಬಿಡುತ್ತದೆ, ಅಡಿಯಲ್ಲಿ ಹೊಲಿಗೆಯ ಗುರುತುಗಳು. ಹಳಬರಿಗೆ ಇದು ರೋಮಾಂಚನ: ಇದು ಹೊಸ ಗೊಂಬೆಯಲ್ಲ, 'ಬ್ರೈಡ್'ನಲ್ಲಿ ಅವನ ಸಂಗಾತಿ ಟಿಫನಿ ಹೊಲಿದು ಕೂಡಿಸಿದ ಅದೇ ಚಕ್ಕಿ. ಆಗ ನನಗೆ ಹೊಳೆಯಿತು: ಏನೂ ಗೊತ್ತಿಲ್ಲದವರು ಇದನ್ನು ಮೊದಲು ನೋಡಿದರೆ "ಈ ಹೊಲಿಗೆ ಎಲ್ಲಿಂದ ಬಂತು?" ಎಂದು ಕೇಳಿಯೇ ಕೇಳುತ್ತಾರೆ. ಕೊನೆಯಲ್ಲಿ ನಟಿ ಜೆನಿಫರ್ ಟಿಲ್ಲಿ ಬಂದು ಪೊಲೀಸನ ಕೊರಳು ಕೊಯ್ದಾಗ "ಇವಳು ಯಾರು?" ಎನ್ನುತ್ತಾರೆ. ಮೊದಲ ಪ್ರಶ್ನೆಗೆ ಉತ್ತರ 'ಬ್ರೈಡ್', ಎರಡನೆಯದಕ್ಕೆ ಉತ್ತರ 'ಸೀಡ್'. ನೀಕಾ ಆಸ್ಪತ್ರೆ ಸೇರಿದ ಮೇಲೆ ಏನಾಯಿತು ಎಂಬುದಕ್ಕೆ 'ಕಲ್ಟ್'. ಯಾರೂ ಸಹಿಸದ 'ಸೀಡ್' ಈ ಕ್ರಮದಲ್ಲಿ ಕಾದು ನೋಡುವ ಸಿನಿಮಾ ಆಗಿಬಿಡುತ್ತದೆ.

ಕ್ರಮ ಇಷ್ಟೇ: ಮೊದಲು 'ಕರ್ಸ್', ಆದರೆ ಹೆಸರುಗಳು ಓಡಲು ಶುರುವಾದ ಕೂಡಲೇ ನಿಲ್ಲಿಸಬೇಕು. ಅದರ ನಂತರ ಬರುವ, ಮೂಲ ಸಿನಿಮಾದ ಹುಡುಗ ಆ್ಯಂಡಿಯ ತುಣುಕನ್ನು ಆಗ ತೋರಿಸಲೇಬಾರದು. ವಾರ ಬಿಟ್ಟು 'ಬ್ರೈಡ್', ಮತ್ತೊಂದು ವಾರಕ್ಕೆ 'ಸೀಡ್'. ಆಮೇಲೆ 1988ರ ಮೂಲ ಸಿನಿಮಾ, ಅದು ಮುಗಿದ ತಕ್ಷಣ ಎತ್ತಿಟ್ಟಿದ್ದ ಆ್ಯಂಡಿಯ ತುಣುಕು. ಆರು ವರ್ಷದ ಹುಡುಗನಾಗಿದ್ದ ಅದೇ ಅಲೆಕ್ಸ್ ವಿನ್ಸೆಂಟ್ ಕಾಲು ಶತಮಾನ ಕಳೆದು ಬಂದೂಕು ಹಿಡಿದು ನಿಂತದ್ದನ್ನು ಬೆನ್ನುಬೆನ್ನಿಗೆ ನೋಡಿದಾಗ ಮಹಡಿಯಲ್ಲಿ ಶಿಳ್ಳೆ ಬಿತ್ತು. ಕೊನೆಗೆ 'ಕಲ್ಟ್'. ಅದರಲ್ಲಿ ವಯಸ್ಸಿನ ರೇಟಿಂಗ್ ಇಲ್ಲದ (ಅನ್‌ರೇಟೆಡ್) ಆವೃತ್ತಿಯನ್ನೇ ಹಾಕಿ, ಎರಡನೆಯ ಸಿನಿಮಾದ ಹುಡುಗಿ ಕೈಲ್ ಬರುವ ಕೊನೆಯ ತುಣುಕು ಇರುವುದು ಅದರಲ್ಲೇ. 'ಸೀಡ್' ಮತ್ತು ಮೂಲ ಸಿನಿಮಾದ ನಡುವೆ ನಾನು ಇನ್ನೊಂದು ಚಿಕ್ಕದನ್ನು ಮಾಡುತ್ತೇನೆ, ಇಡೀ ಕ್ರಮದ ಕೀಲಿ ಅದು. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಕುಳಿತವರಿಗೆ ತಿಳಿಯುತ್ತದೆ.

ದುಡ್ಡಿನ ವಿಷಯ. ಏಳು ಸಿನಿಮಾಗಳ ಬ್ಲೂ-ರೇ ಪೆಟ್ಟಿಗೆಯನ್ನು ಅಮೆರಿಕದಿಂದ ತರಿಸಿದೆ. ಸುಂಕ, ಕೊರಿಯರ್ ಎಲ್ಲ ಸೇರಿ ಆರೇಳು ಸಾವಿರ ಆಗಿರಬೇಕು. ಪೆಟ್ಟಿಗೆ ಜಜ್ಜಿಹೋಗಿ ಬಂತು, ಒಂದು ಡಿಸ್ಕಿಗೆ ಗೀರು, ತಂದುಕೊಟ್ಟವರು ಕಿವಿಗೇ ಹಾಕಿಕೊಳ್ಳಲಿಲ್ಲ. ಅದೊಂದನ್ನು ಬಿಡಿಯಾಗಿ ಮತ್ತೆ ಕೊಳ್ಳಲು ಒಂದೂವರೆ ಸಾವಿರ. ಬ್ಲೂ-ರೇ ಡಿಸ್ಕು ಆಯಾ ಪ್ರದೇಶದ (ರೀಜನ್) ಪ್ಲೇಯರಿನಲ್ಲಿ ಮಾತ್ರ ಓಡುವಂತಿರಬಹುದು: ಅವರದು ರೀಜನ್ ಎ, ನಮ್ಮದು ರೀಜನ್ ಸಿ. ಯಾವ ಡಿಸ್ಕ್ ತಕರಾರು ಮಾಡುತ್ತದೋ ಎಂಬ ರಗಳೆಯೇ ಬೇಡವೆಂದು ಎಲ್ಲ ರೀಜನ್ ಓದುವ ಪ್ಲೇಯರಿಗೆ ಹನ್ನೆರಡು ಸಾವಿರದಷ್ಟು ಸುರಿದೆ. ಪ್ರೊಜೆಕ್ಟರ್ ಹಳೆಯದು, ಮೂವತ್ತು ಚಿಲ್ಲರೆ ಸಾವಿರಕ್ಕೆ ಕೈ ಬದಲಾಗಿ ಬಂದದ್ದು. "ಗೊಂಬೆ ಸಿನಿಮಾಕ್ಕೆ ಇಷ್ಟು ಖರ್ಚೇ? ಮೊಬೈಲಿನಲ್ಲೇ ನೋಡಬಹುದಿತ್ತಲ್ಲ" ಎಂದು ಭಾವ ಮೂದಲಿಸಿದರು. ಈಗ ಅವರೇ ಮುಂದಿನ ಸಾಲಿನ ಕುರ್ಚಿ ಹಿಡಿದು ಕೂರುತ್ತಾರೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಹಣವಿದ್ದರೆ ಪ್ರೊಜೆಕ್ಟರಿಗಿಂತ ಮೊದಲು ಗೋಡೆಗೆ ಹಾಕಿ. 'ಕರ್ಸ್' ಪೂರಾ ಕತ್ತಲೆ, 'ಕಲ್ಟ್' ಪೂರಾ ಬಿಳುಪು. ಹುಚ್ಚಾಸ್ಪತ್ರೆಯ ಬಿಳಿ ಗೋಡೆ, ಹೊರಗೆ ಹಿಮ. ಪರದೆಯ ಬಿಳುಪು ಪಕ್ಕದ ಸುಣ್ಣದ ಗೋಡೆಗೆ ಬಡಿದು ವಾಪಸು ಪರದೆಗೇ ಬಂದು ಚಿತ್ರವನ್ನು ತೊಳೆದುಬಿಡುತ್ತದೆ. ಗಾಜಿನ ಸೂರು ಒಡೆದು ಚೂರುಗಳು ಹಿಮದ ಜೊತೆಗೆ ಇಳಿದು ಬರುವ ಆ ಸಾವಿನ ದೃಶ್ಯ ನಮ್ಮಲ್ಲಿ ಮೊದಲ ಸಲ ಮಬ್ಬು ಮಬ್ಬಾಗಿ ಕಂಡಿತ್ತು. ಎರಡೂ ಪಕ್ಕ ಮತ್ತು ಮೇಲ್ಛಾವಣಿಯ ಮುಂಭಾಗಕ್ಕೆ ಕಡುಗಪ್ಪು ಬಟ್ಟೆ ಇಳಿಬಿಟ್ಟ ಮೇಲೆ ಚೂರಿನ ಅಂಚೂ ಕಂಡಿತು. ಬಟ್ಟೆಗೆ, ಹೊಲಿಗೆಗೆ, ಕೊಕ್ಕೆಗೆ ಸೇರಿ ನಾಲ್ಕು ಸಾವಿರ ದಾಟಿರಲಿಕ್ಕಿಲ್ಲ. ಮಿಕ್ಕ ಹಣ ಇದ್ದರೆ ನಡುವಿನ ಸ್ಪೀಕರಿಗೆ. ಚಕ್ಕಿಗೆ ಮಾತು ಕೊಡುವ ನಟ ಬ್ರ್ಯಾಡ್ ಡೂರಿಫ್ ಅವರ ದನಿಯೇ ಈ ಸರಣಿಯ ಅರ್ಧ ಪ್ರಾಣ, ಅದು ಬಹುಪಾಲು ಬರುವುದು ಅಲ್ಲಿಂದಲೇ. ಆ ಸ್ಪೀಕರನ್ನು ನಾನು ಇಟ್ಟಿರುವ ಜಾಗ ಮಾತ್ರ ಗುಟ್ಟು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಸೂತ್ರದ ಗೊಂಬೆ ಆಡಿಸುವ ಪರಿಚಯದವರೊಬ್ಬರನ್ನು ಕರೆಸಿ 'ಸೀಡ್' ಅನ್ನು ಸದ್ದಿಲ್ಲದೆ ತೋರಿಸಿದೆ. ರೊಮೇನಿಯಾದಲ್ಲಿ ಚಿತ್ರೀಕರಿಸಿದ ಸಿನಿಮಾ, ಗೊಂಬೆಗಳು ಟೋನಿ ಗಾರ್ಡ್ನರ್ ಅವರ ಕೈಯವು. ಆತ ತನ್ನದೇ ಹೆಸರಿನ ಪಾತ್ರದಲ್ಲಿ ತನ್ನದೇ ಗೊಂಬೆಗಳ ಕೈಯಲ್ಲಿ ಸಾಯುತ್ತಾನೆ. ನಮ್ಮ ಗೊಂಬೆಯವರು ಹತ್ತು ನಿಮಿಷ ಸುಮ್ಮನೆ ನೋಡಿ, "ಕಾಲು ತೋರಿಸುತ್ತಲೇ ಇಲ್ಲ, ಗಮನಿಸಿ. ಸೋಫಾ, ಮೇಜು, ಹಾಸಿಗೆ. ಆಡಿಸುವವರು ಕೆಳಗಿದ್ದಾರೆ. ನಾವು ಮೇಲಿಂದ ಆಡಿಸುತ್ತೇವೆ, ಇವರು ಕೆಳಗಿಂದ" ಎಂದರು. ಅಪ್ಪ ಚಕ್ಕಿ, ಅಮ್ಮ ಟಿಫನಿ, ಮಗು ಗ್ಲೆನ್ ಮೂವರೂ ಒಂದೇ ಚೌಕಟ್ಟಿನಲ್ಲಿ ಕುಳಿತಾಗ ಒಬ್ಬರು ಮಾತಾಡುವಾಗ ಉಳಿದಿಬ್ಬರು ಕೇಳಿಸಿಕೊಳ್ಳುವುದನ್ನು ಅವರು ಬೆರಳಿಟ್ಟು ತೋರಿಸಿದರು. ಮಾತಾಡುವ ಗೊಂಬೆಗಿಂತ ಕೇಳುವ ಗೊಂಬೆಯನ್ನು ಆಡಿಸುವುದೇ ಕಠಿಣವಂತೆ. ಗ್ಲೆನ್‌ನ ಕಣ್ಣು ಅಮ್ಮನಿಂದ ಅಪ್ಪನ ಕಡೆಗೆ ತಡೆದು ತಡೆದು ಹೊರಳುವುದನ್ನು ನಾವು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡಿದೆವು. ಅಂದಿನಿಂದ ಆ ಸಿನಿಮಾವನ್ನು ಯಾರಾದರೂ ಕೀಳಾಗಿ ಮಾತಾಡಿದರೆ ನಾನು ಈ ದೃಶ್ಯವನ್ನೇ ಎದುರಿಗಿಡುತ್ತೇನೆ. ಹುಡುಗನೋ ಹುಡುಗಿಯೋ ಎಂದು ತನಗೇ ಗೊತ್ತಾಗದೆ ತಳಮಳಿಸುವ ಮಗುವಿನ ಬಗ್ಗೆ 2004ರಲ್ಲಿ, ಅದೂ ಕೊಲೆಗಡುಕ ಗೊಂಬೆಯ ಸಿನಿಮಾದಲ್ಲಿ, ಮ್ಯಾನ್ಸಿನಿ ಇಷ್ಟು ಮಮತೆಯಿಂದ ಯೋಚಿಸಿದ್ದರು. ಅದು ಅವರ ಮೊದಲ ನಿರ್ದೇಶನ ಎಂಬುದನ್ನೂ ನೆನಪಿಡಿ.

1996ರ ಹಿಂದಿ 'ಪಾಪಿ ಗುಡಿಯಾ'ವನ್ನೂ ಒಂದು ಸಂಜೆ ಇಟ್ಟಿದ್ದೆ. ಮೂಲದ ಕಥೆಯನ್ನೇ ಹಾಡುಗಳ ಸಮೇತ ಎತ್ತಿದ ಸಿನಿಮಾ. ಜನ ನಕ್ಕು ನಲಿದರು, ಆದರೆ ಮರುವಾರ ಚಕ್ಕಿಗೂ ನಗಲು ಸಿದ್ಧರಾಗಿ ಬಂದರು. ಕ್ರಮದ ನಡುವೆ ಅದನ್ನು ಸೇರಿಸಬೇಡಿ. ಮಾರ್ಕ್ ಹ್ಯಾಮಿಲ್ ದನಿ ಕೊಟ್ಟ 2019ರ ಹೊಸ 'ಚೈಲ್ಡ್ಸ್ ಪ್ಲೇ'ಯೂ ಬೇಡ. ಅದರಲ್ಲಿ ಕೆಟ್ಟ ಆತ್ಮವಿಲ್ಲ, ಕೆಟ್ಟುಹೋದ ಯಂತ್ರವಿದೆ. ಮ್ಯಾನ್ಸಿನಿಯ ಕೈ ಅದರಲ್ಲಿಲ್ಲ, ನಮ್ಮ ಪ್ರಶ್ನೆಗಳಿಗೆ ಉತ್ತರವೂ ಇಲ್ಲ.

'ಬ್ರೈಡ್' ದಿನ ಸಣ್ಣದೊಂದು ತಯಾರಿ ಬೇಕು. ಟಿಫನಿ ಸ್ನಾನದ ತೊಟ್ಟಿಯಲ್ಲಿ ಕುಳಿತು ನೋಡುತ್ತಿರುವುದು 1935ರ 'ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್'. ಚಕ್ಕಿ ಆ ಟಿವಿಯನ್ನೇ ನೀರಿಗೆ ತಳ್ಳಿ ಅವಳನ್ನು ಕೊಲ್ಲುತ್ತಾನೆ. ಹಳೆಯ ಆ ಸಿನಿಮಾದ ಕೊನೆಯ ಹತ್ತು ನಿಮಿಷವನ್ನು ಮೊದಲೇ ತೋರಿಸಿಬಿಟ್ಟರೆ ಗೊಂಬೆಯಾದ ಟಿಫನಿ ಕೊನೆಯಲ್ಲಿ ತೆಗೆದುಕೊಳ್ಳುವ ನಿರ್ಧಾರಕ್ಕೆ ತೂಕ ಬರುತ್ತದೆ. ನಾನು ಹೀಗೆ ಮಾಡಿದ ಸಂಜೆ, ಹಿಂದೆ ಈ ಸಿನಿಮಾವನ್ನು ಅಪಚಾರ ಎಂದಿದ್ದ ಹುಡುಗಿಯೇ ಗಂಟಲು ಕಟ್ಟಿ ಕುಳಿತಿದ್ದಳು.

ಚಪ್ಪಲಿ ಮೆಟ್ಟಿ ಹೋಗಿದ್ದ ಹಿರಿಯರನ್ನು ಹೊಸ ಕ್ರಮಕ್ಕೆ ಮತ್ತೆ ಕರೆದೆ. 'ಕರ್ಸ್' ಮುಗಿದಾಗ, "ಆ ಹೆಂಗಸು ಯಾರು ಎಂದು ಹೇಳಿಬಿಡಿ, ವಾರ ಕಾಯಲಾರೆ" ಎಂದರು. ನಾನು ಹೇಳಲಿಲ್ಲ. 'ಸೀಡ್' ದಿನ ಅವರೇ ಎಲ್ಲರಿಗಿಂತ ಮೊದಲು ಬಂದಿದ್ದರು.

ಈಗ ಉಳಿದಿರುವುದು 2021ರಿಂದ 2024ರವರೆಗೆ ಬಂದ ಟಿವಿ ಧಾರಾವಾಹಿ. ಮೂರು ಸೀಸನ್, ಎಂಟೆಂಟು ಕಂತು. 'ಕಲ್ಟ್' ನಿಂತಲ್ಲಿಂದ ಕಥೆ ಮುಂದುವರಿಯುತ್ತದೆ. ಅದರಲ್ಲಿ ಗೊಂಬೆ ಹೊಕ್ಕ ಕೊಲೆಗಾರ ಚಾರ್ಲ್ಸ್ ಲೀ ರೇ ತರುಣನಾಗಿದ್ದಾಗಿನ ಪಾತ್ರವನ್ನು ಬ್ರ್ಯಾಡ್ ಅವರ ಮಗಳು ಫಿಯೋನಾ ಡೂರಿಫ್ ಮಾಡಿದ್ದಾರೆ. ಅಂದರೆ ನೀಕಾ ಆಗಿದ್ದ ಮಗಳು, ಮೂಲ ಸಿನಿಮಾದಲ್ಲಿ ಅದೇ ಪಾತ್ರ ಮಾಡಿದ್ದ ಅಪ್ಪನ ಹಳೆಯ ಮುಖ ತೊಟ್ಟು ಬಂದಿದ್ದಾಳೆ. ಇದನ್ನು 'ಕಲ್ಟ್'ನ ಕೊನೆಯಲ್ಲಿ ನೀಕಾ ಎದ್ದು ನಡೆಯುವ ದೃಶ್ಯದ ಬೆನ್ನಿಗೇ ಇಟ್ಟರೆ ಹೇಗೆ ಎಂದು ಲೆಕ್ಕ ಹಾಕುತ್ತಿದ್ದೇನೆ. ಇಪ್ಪತ್ತನಾಲ್ಕು ಕಂತನ್ನೂ ಮಹಡಿಯ ಮೇಲೆ ತೋರಿಸುವುದು ಆಗದ ಮಾತು. ಏಳೆಂಟನ್ನು ಆರಿಸಿದ್ದೇನೆ, ಎರಡನೆಯ ಸೀಸನ್ನಿನಲ್ಲಿ ಗ್ಲೆನ್ ಮತ್ತು ಅವನ ಅವಳಿ ಗ್ಲೆಂಡಾ ಮರಳುವ ಕಂತುಗಳನ್ನು ಬಿಡುವ ಪ್ರಶ್ನೆಯೇ ಇಲ್ಲ. ಮೊದಲ ಸೀಸನ್ನಿನ ಯಾವುದನ್ನು ಕೈಬಿಡಬೇಕು ಎಂಬುದಿನ್ನೂ ತೀರ್ಮಾನವಾಗಿಲ್ಲ. ದೀಪಾವಳಿಯ ರಜೆಗೆ ಮುಂಚೆ ಒಮ್ಮೆ ಭಾವನನ್ನೂ ಆ ಹಿರಿಯರನ್ನೂ ಮಾತ್ರ ಕೂರಿಸಿ ಪರೀಕ್ಷೆ ಮಾಡುತ್ತೇನೆ.